ಹಿಂದಕ್ಕೆ ಒದೆಯುತ್ತಿದ್ದ ರಾಕೆಟ್ ಸ್ಟ್ಯಾಂಡ್

ಮಂಡ್ಯದ ನಮ್ಮ ಬೀದಿ ಮಕ್ಕಳಿಗೆ ಸೈಕಲ್ ಪಂಪಿನ ಗಾಳಿಯಲ್ಲಿ ಹಾರುವ ನೀರಿನ ರಾಕೆಟ್ ಮಾಡಿಕೊಟ್ಟೆ. 2 ಲೀಟರ್ ಸೋಡಾ ಬಾಟಲಿ, ಹಲಗೆಯ ಸ್ಟ್ಯಾಂಡ್. ಬಿಟ್ಟಾಗಲೆಲ್ಲ ಸ್ಟ್ಯಾಂಡ್ ಹಿಂದಕ್ಕೆ ಜಾರಿ ಮಗುಚುತ್ತಿತ್ತು, ರಾಕೆಟ್ ದಾರಿ ತಪ್ಪುತ್ತಿತ್ತು.

ಗಾಳಿ ಕಮ್ಮಿ ಮಾಡಿದೆ. ಹಾರಾಟವೇ ಸಪ್ಪೆಯಾಯಿತು. ನ್ಯೂಟನ್ 1687ರಲ್ಲೇ ಹೇಳಿದ್ದು ಇದೇ ಅಲ್ವಾ? ರಾಕೆಟ್ ಮುಂದೆ ನುಗ್ಗಿದರೆ ನೀರಿನ ಧಾರೆ ಹಿಂದೆ ನುಗ್ಗಿ ಸ್ಟ್ಯಾಂಡಿಗೆ ಬಡಿಯುತ್ತದೆ. ಒದೆತ ಅಷ್ಟೇ ಇದ್ದು ತೂಕ ಎರಡರಷ್ಟಾದರೆ, ಜಾರುವ ವೇಗ ಅರ್ಧಕ್ಕಿಳಿಯುತ್ತದೆ.

ಹಾಗಾಗಿ ಗೊಬ್ಬರದ ಚೀಲಕ್ಕೆ ಮರಳು ತುಂಬಿ ಹಲಗೆಯ ಹಿಂಬದಿಗೆ ಬಿಗಿದೆ. ಅಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದೆ. ಕಬ್ಬು ಕಡಿದ ಗದ್ದೆಯಲ್ಲಿ ಮತ್ತೆ ಬಿಟ್ಟೆವು. ಚೀಲ ಒಮ್ಮೆ ಅದುರಿತು, ಸ್ಟ್ಯಾಂಡ್ ಅಲ್ಲೇ ನಿಂತಿತು.

ಗಾಳಿ ತುಂಬಲು ಪಿವಿಸಿ ಪೈಪ್ ಮಾತ್ರ ಬೇಡ. ಒಡೆದರೆ ಚೂರು ಸಿಡಿಯುತ್ತದೆ, ಮಕ್ಕಳ ಕಣ್ಣಿಗೆ ಅಪಾಯ.