ಕತ್ತದ ಹೊಟ್ಟೆಯ ಫೆಂಡರ್: ನನ್ನ ಅನುಭವ

ಹೋದ ಆಗಸ್ಟಿನಲ್ಲಿ ಕಾರವಾರದ ಬೈತಖೋಲ್ ಬಂದರಿನ ಒಂದು ಪರ್ಸೀನ್ ಬೋಟಿಗೆ (ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆಯ ಬೋಟು) ಹಗ್ಗದ ಫೆಂಡರ್ ನಾಲ್ಕು ಕಟ್ಟಿಕೊಟ್ಟಿದ್ದೆ. ಫೆಂಡರ್ ಅಂದರೆ ಬೋಟು ಧಕ್ಕೆಗೋ (ಬಂದರಿನ ಕಟ್ಟೆಗೋ) ಪಕ್ಕದ ಬೋಟಿಗೋ ಗುದ್ದಿ ಕೆಡದಂತೆ ಮಗ್ಗುಲಿಗೆ ನೇತುಹಾಕುವ ಮೆತ್ತೆ. ಹೊರಮೈ ಹಗ್ಗದ ಹೆಣಿಗೆ, ಒಳಗೆ ತುಂಬಿದ್ದೇ ಹೊಟ್ಟೆ. ನನ್ನದರ ಹೊಟ್ಟೆ ಕತ್ತದ್ದು, ಅಂದರೆ ತೆಂಗಿನ ನಾರಿನದು. ಇಡೀ ಸೀಸನ್ ದಾಟಿದವು. ಮೇ ಕೊನೆಗೆ ನಾಲ್ಕನ್ನೂ ಕೆಳಗಿಳಿಸಿ ಕೊಡತಿಯಿಂದ ಬಡಿದು ನೋಡಿದೆ. ಮೂರು ಗಟ್ಟಿಯಾಗಿಯೇ ಇದ್ದವು. ಒಂದರ ಹೊರಮೈ ಧಕ್ಕೆಯ ಗೋಡೆಗೆ ಅಂಟಿದ ಸಿಂಪಿ ತಾಗಿ ಸವೆದಿತ್ತು, ಹೊಟ್ಟೆ ಮಾತ್ರ ಏನೂ ಆಗಿರಲಿಲ್ಲ. "ಇದು ದೀಪಾವಳಿ ನೋಡೋದಿಲ್ಲ" ಎಂದಿದ್ದ ತಾಂಡೇಲರೇ (ಬೋಟು ನಡೆಸುವವರು) ಈ ಸಲ ಇನ್ನೂ ಆರು ಬೇಕು ಎಂದಿದ್ದಾರೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹಗ್ಗ ಹೆಣೆಯೋದು, ಕುಣಿಕೆ ಹಾಕೋದು, ಎಳೆ ಸೇರಿಸೋದು ಗೊತ್ತಿದ್ದವರಿಗೆ ಇದು. ಗಂಟು ಹಾಕೋದರಿಂದ ಶುರು ಮಾಡಿ ಹೇಳಲು ನನಗೆ ತಾಳ್ಮೆ ಇಲ್ಲ.

ಎಲ್ಲರೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಟೈರ್ ಇರುವಾಗ ಇದೆಂಥದು ಮಾರಾಯಾ?" ಕೇಳೋದು ಸರಿ ಇದೆ. ಲಾರಿಯ ಹಳೇ ಟೈರ್ ಪುಕ್ಕಟೆ ಸಿಗುತ್ತದೆ, ಇಲ್ಲವೇ ಇನ್ನೂರು ರೂಪಾಯಿಗೆ. ತೂತು ಕೊರೆದು ಹಗ್ಗ ಕಟ್ಟಿದರೆ ಕೆಲಸ ಮುಗೀತು. ಮರದ ಬೋಟಿಗೆ ಕೆಂಪು, ನೀಲಿ ಬಣ್ಣ ಬಳಿಯುತ್ತಿದ್ದ ಕಾಲಕ್ಕೆ ಅದು ನಡೆಯಿತು. ಈಗ ಫೈಬರ್ ಮೈಯ ಬೋಟು ಜಾಸ್ತಿ. ಟೈರ್ ಉಜ್ಜಿದ ಕಪ್ಪು ಕಲೆ ಸೋಪು ಹಾಕಿ ತಿಕ್ಕಿದರೂ ಹೋಗೋದಿಲ್ಲ. ಟೈರ್ ಸವೆದಾಗ ಒಳಗಿನ ತಂತಿ ಹೊರಗೆ ಬಂದು ಮೈ ಗೀರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, 61 ದಿನ. ಆಗ ಮಾಲೀಕರು ಮೈ ರಿಪೇರಿಗೆ ಕೊಡುವ ಬಿಲ್ಲು ನೋಡಿದರೆ ಟೈರ್ ಪುಕ್ಕಟೆ ಅಲ್ಲ ಅಂತ ಗೊತ್ತಾಗುತ್ತದೆ. ನಮ್ಮ ಬಂದರಿನಲ್ಲಿ ಬೋಟುಗಳು ಒಂದರ ಮಗ್ಗುಲಿಗೊಂದು ನಾಲ್ಕೈದು ಸಾಲು ನಿಲ್ಲುತ್ತವೆ. ಗಾಳಿ ತಿರುಗಿದ ದಿನ ಮಧ್ಯದ ಬೋಟಿನ ಗತಿ ಕೇಳಬೇಡಿ.

ಇನ್ನು ಹೊಟ್ಟೆಯ ವಿಷಯ. ನನ್ನ ದುಡ್ಡು ಹೋದದ್ದೆಲ್ಲ ಇಲ್ಲೇ.

ಮೊದಲು ಹರಿದ ಬಲೆಯನ್ನೇ ಸುತ್ತಿ ತುಂಬಿದೆ. ಪುಕ್ಕಟೆ ಮಾಲು, ಬಂದರಿನ ತುಂಬ ಬಿದ್ದಿರುತ್ತದೆ. ಎರಡು ತಿಂಗಳಲ್ಲಿ ಹಳೇ ದಿಂಬಿನ ಹಾಗೆ ಚಪ್ಪಟೆಯಾಯಿತು. ವಾಸನೆ ಬೇರೆ. ಆಮೇಲೆ ಪ್ಲಾಸ್ಟಿಕ್ ಹಗ್ಗದ ತುಂಡುಗಳನ್ನು ಬಿಗಿಯಾಗಿ ಕಟ್ಟಿದೆ. ಗಟ್ಟಿ ಆಯಿತು, ಆದರೆ ಸ್ವಲ್ಪವೂ ಬಗ್ಗಲಿಲ್ಲ. ಫೆಂಡರ್ ಉಳಿಯಿತು, ಬೋಟಿನ ಅಂಚು ಬಿರುಕು ಬಿಟ್ಟಿತು. ಆ ಮಾಲೀಕರು ಬಾಕಿ ಹಣ ಕೊಡಲೇ ಇಲ್ಲ, ಕೇಳಲಿಕ್ಕೆ ನನಗೂ ಬಾಯಿ ಬರಲಿಲ್ಲ. ಐದು ಲೀಟರಿನ ಎಣ್ಣೆ ಕ್ಯಾನು ಒಳಗೆ ಇಟ್ಟು ನೋಡಿದೆ, ಮೊದಲ ಹೊಡೆತಕ್ಕೇ ಒಡೆಯಿತು. ಥರ್ಮಾಕೋಲ್ ಪುಡಿಯಾಗಿ ನೀರಿಗೆ ಹೋಯಿತು. ಸೈಕಲ್ ಟ್ಯೂಬ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಳ್ಳೆ ಪುಟಿತ. ಆದರೆ ಒಂದು ಫೆಂಡರಿಗೆ ಬೇಕಾದಷ್ಟು ಟ್ಯೂಬ್ ಸೇರಿಸಲು ಕಾರವಾರದಿಂದ ಅಂಕೋಲೆವರೆಗೆ ಪಂಕ್ಚರ್ ಅಂಗಡಿ ಸುತ್ತಬೇಕು. ಈ ಎಲ್ಲಾ ಆಟಗಳಲ್ಲಿ ಹತ್ತು ಹನ್ನೆರಡು ಸಾವಿರ ಕೈ ಬಿಟ್ಟಿರಬಹುದು. ಲೆಕ್ಕ ಬರೆದಿಡಲಿಲ್ಲ, ಬರೆದಿದ್ದರೆ ಮನೆಯಲ್ಲಿ ಸಿಕ್ಕಿಬೀಳುತ್ತಿದ್ದೆ.

ಕೊನೆಗೆ ಕತ್ತಕ್ಕೇ ಬಂದೆ. ಅಲ್ಲೂ ಎರಡು ಜಾತಿ ಇದೆ ಅಲ್ವಾ. ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಸಿ ತೆಗೆದ ಬಿಳಿ ನಾರು ಹುರಿ ಹೊಸೆಯಲು ಚಂದ. ಹೊಟ್ಟೆಗೆ ಅದು ಬೇಡ, ಮೆತ್ತಗೆ. ಒಣಗಿದ ಕಾಯಿಯ ಕಂದು ನಾರು ಒರಟು, ಬಿರುಸು, ಒತ್ತಿದರೆ ವಾಪಸ್ ಏಳುತ್ತದೆ. ಅದೇ ಸರಿ. ಹಾಸಿಗೆ ಮಾಡುವವರ ಹತ್ತಿರ ಉಳಿದ ರಬ್ಬರ್ ಹಾಕಿದ ಕತ್ತವೂ ಸಿಗುತ್ತದೆ. ತರಬೇಡಿ. ಅದು ಮಲಗಲಿಕ್ಕೆ ಮಾಡಿದ್ದು.

ಕಂದು ನಾರು ಹಾಕಿದರೂ ಮೊದಮೊದಲು ಕೆಟ್ಟಿತು. ಹೊರಮೈಯ ಹೆಣಿಗೆ ಸಡಿಲಾಗಿ ಜಾರುತ್ತಿತ್ತು. ಎಷ್ಟು ಎಳೆದು ಹೆಣೆದರೂ ಎರಡು ಮೂರು ತಿಂಗಳಿಗೆ ಕೆಳಗೆ ಜೋಲು. ಹಿರಿಯರೊಬ್ಬರು ಹೇಳಿದ ಹಾಗೆ ನಾರನ್ನು ನೆನೆಸಿ, ಬಡಿದು, ಹಸಿಯಾಗಿಯೇ ಕಟ್ಟುತ್ತಿದ್ದೆ. ಹಸಿ ನಾರು ಕೈಗೆ ಬಗ್ಗುತ್ತದೆ, ಬಿಗಿಯಾಗಿ ಕೂರುತ್ತದೆ. ನೋಡಲು ಬಹಳ ಚಂದ. ಎಲ್ಲರೂ ಹಾಗೇ ಮಾಡುತ್ತಾರೆ.

ಇದಕ್ಕೆ ಉತ್ತರ ಸಿಕ್ಕಿದ್ದು ರಂಪಣಿ ದೋಣಿಯ ಮಾತಿನಲ್ಲಿ. ರಂಪಣಿ ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ. ಮೊಳೆ ಹೊಡೆಯದೆ, ಹಲಗೆಗೆ ಹಲಗೆ ಸೇರಿಸಿ ಕತ್ತದ ಹುರಿಯಲ್ಲಿ ಹೊಲಿದ ದೋಣಿಗಳು ಅವು. 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಬಲೆಯೂ ಹಿಂದೆ ಸರಿಯಿತು, ಆ ದೋಣಿಗಳೂ ಹೋದವು. ಅಂಥ ದೋಣಿಯಲ್ಲಿ ದುಡಿದ ಅಜ್ಜ ಒಬ್ಬರು ನಮ್ಮ ಕೇರಿಯಲ್ಲಿದ್ದಾರೆ. ಹೊಲಿಗೆಯ ಕೆಳಗೆ ಒಣ ನಾರಿನ ಪಟ್ಟಿ ಇಟ್ಟೇ ಹೊಲಿಯುತ್ತಿದ್ದರಂತೆ. ನೀರಿಗಿಳಿದ ಮೇಲೆ ನಾರು ಉಬ್ಬಿ ಹೊಲಿಗೆ ತಾನಾಗಿ ಬಿಗಿಯುತ್ತದೆ. ಅಜ್ಜ ಇದನ್ನು ಹೇಳಿದ್ದು ಬೇರೇನೋ ಮಾತಿನ ನಡುವೆ, ನನ್ನ ಫೆಂಡರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಉಬ್ಬಿದ ನಾರನ್ನು ಕಟ್ಟುತ್ತಿದ್ದೆ. ಅದು ಬಂದರಿನ ಬಿಸಿಲಲ್ಲಿ ಒಣಗಿ ಕುಗ್ಗುತ್ತಿತ್ತು. ಹೊರಗಿನ ಪ್ಲಾಸ್ಟಿಕ್ ಹಗ್ಗ ಕುಗ್ಗೋದಿಲ್ಲ. ಜೋಲು ಬೀಳದೆ ಇನ್ನೇನು?

ಆಮೇಲೆ ಉಲ್ಟಾ ಮಾಡಿದೆ. ಹೊಟ್ಟೆಯನ್ನು ಏಪ್ರಿಲ್-ಮೇ ಬಿಸಿಲಲ್ಲಿ ಬಿರುಬಿರು ಒಣಗಿಸಿ ಕಟ್ಟುತ್ತೇನೆ. ಮುಟ್ಟಿದರೆ ನಾರು ಚುರುಚುರು ಅನ್ನಬೇಕು. ಕಟ್ಟಿದ ಕೂಡಲೇ ಪಾಲಿಥಿನ್ ಸುತ್ತಿ ಅಟ್ಟಕ್ಕೆ ಏರಿಸುತ್ತೇನೆ, ಇಲ್ಲದಿದ್ದರೆ ಜೂನಿನ ಗಾಳಿಯೇ ಸಾಕು ನೀರು ಕುಡಿಸಲು. ಮಳೆಗಾಲದಲ್ಲಿ ಒಂದೊಂದೇ ಬಿಚ್ಚಿ ಹೊರಮೈ ಹೆಣೆಯುತ್ತೇನೆ. ನೀರಿಗೆ ಬಿದ್ದ ಮೇಲೆ ಹೊಟ್ಟೆ ಉಬ್ಬಿ ಹೆಣಿಗೆಯ ಪ್ರತಿ ಕುಣಿಕೆಯನ್ನೂ ಒಳಗಿಂದ ಬಿಗಿಯುತ್ತದೆ. ಇನ್ನೊಂದು ಮಾತು. ಹಳೇ ಕತ್ತದ ಹಗ್ಗ ಬಿಚ್ಚಿ ನಾರು ತೆಗೆಯುವುದಾದರೆ ಮೊದಲು ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಎಷ್ಟು ಬಿಸಿಲಿಗೆ ಹಾಕಿದರೂ ಸಂಜೆಗೆ ಮತ್ತೆ ಜಿಗುಟು.

ಇದನ್ನು ಧಕ್ಕೆಯಲ್ಲಿ ಹೇಳಿದಾಗ ನಕ್ಕರು. ಒಣ ನಾರು ಬಿಗಿಯಾಗಿ ಕೂರೋದೇ ಇಲ್ಲ ಎಂದರು. ಕೈಯಲ್ಲಿ ಒತ್ತಿದರೆ ಕೂರೋದಿಲ್ಲ, ನಿಜ. ನಾನು ಹೇಗೆ ಒತ್ತುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಹಳೇ ಲಾರಿಯ ಜ್ಯಾಕ್ ಒಂದು ಅದರಲ್ಲಿ ಸೇರಿದೆ ಅಂತ ಮಾತ್ರ ಹೇಳುತ್ತೇನೆ.

ನಡುವೆ ದಪ್ಪ ಹಗ್ಗ ಒಂದು ಮೇಲಿಂದ ಕೆಳಗಿನವರೆಗೂ ಹೋಗಲೇಬೇಕು, ಎರಡೂ ತುದಿಗೆ ಕುಣಿಕೆ. ಭಾರವೆಲ್ಲ ಅದರ ಮೇಲೆ. ಹೊರಮೈಗೇ ಬಳ್ಳಿ ಕಟ್ಟಿ ನೇತುಹಾಕಿದವರ ಫೆಂಡರ್ ತಳ ಕಿತ್ತು ಹೋಗೋದನ್ನು ನೋಡಿದ್ದೇನೆ. ಎರಡು ಅಡಿ ಉದ್ದ, ಎಂಟು ಇಂಚು ದಪ್ಪದ್ದು ಒಣಗಿದ್ದಾಗ ಏಳೆಂಟು ಕಿಲೋ ಬರುತ್ತದೆ. ನೀರು ಕುಡಿದರೆ ಹನ್ನೆರಡು ದಾಟುತ್ತದೆ. ತಳವನ್ನು ಪೂರ್ತಿ ಮುಚ್ಚಬೇಡಿ, ನೀರು ಇಳಿಯಲು ದಾರಿ ಇರಲಿ.

ಹೊರಮೈಗೆ ಹೊಸ ಹಗ್ಗ ತರುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಪರ್ಸೀನ್ ಬೋಟಿನವರು ಬದಲಾಯಿಸಿ ಬಿಸಾಡುವ ದಪ್ಪ ಹಗ್ಗ ಇದೆಯಲ್ಲ, ಮೂರು ಎಳೆಯದ್ದು, ಅದನ್ನು ಬಿಚ್ಚಿ. ಮೂರು ಎಳೆ ಅಂದರೆ ಮೂರು ದಾರ. ವರ್ಷಗಟ್ಟಲೆ ಹೊಸೆದುಕೊಂಡಿದ್ದರಿಂದ ಎಳೆಯಲ್ಲಿ ಸುರುಳಿ ಉಳಿದಿರುತ್ತದೆ. ಆ ಸುರುಳಿ ಪಕ್ಕದ ಕುಣಿಕೆಯನ್ನು ಕಚ್ಚಿ ಹಿಡಿಯುತ್ತದೆ. ಹೊಸ ನುಣುಪು ಹಗ್ಗ ಜಾರುತ್ತದೆ. ಬಿಸಿಲಿಗೆ ಬಿಳಿಚಿಕೊಂಡು ಉಗುರಿನಲ್ಲಿ ಕೆರೆದರೆ ಪುಡಿ ಉದುರುವ ಹಗ್ಗ ಮಾತ್ರ ಬೇಡ. ಮೇಲೆ ಹೇಳಿದ ಅಳತೆಗೆ ಮೂವತ್ತೈದು ಮಾರು (ಮಾರು ಅಂದರೆ ಎರಡೂ ಕೈ ಚಾಚಿದಷ್ಟು) ಎಳೆ ಹೋಗುತ್ತದೆ, ಸ್ವಲ್ಪ ಹೆಚ್ಚು ಕಮ್ಮಿ. ಅಷ್ಟನ್ನೂ ಒಂದೇ ಸಲ ಎಳೆಯುತ್ತ ಕೂರಬೇಡಿ, ನಾಲ್ಕು ಮಾರಿನ ತುಂಡು ಮಾಡಿ. ತುದಿಯನ್ನು ಹೊಟ್ಟೆಯೊಳಗೆ ತುರುಕಿ ಮುಂದಿನ ತುಂಡು ಶುರು ಮಾಡಿ.

ಮೇಲಿನ ಕುಣಿಕೆಯ ಸುತ್ತ ಆರು ಗಂಟಿನಿಂದ ಶುರು. ಹೆಗಲು ಅಗಲವಾಗುವಾಗ ಒಂದೊಂದು ಸೇರಿಸುತ್ತಾ ಹೋಗುವುದು, ತಳಕ್ಕೆ ಬಂದಾಗ ಒಂದೊಂದು ಬಿಡುವುದು. ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಯ ಸುತ್ತನ್ನು ನಾನು ಹೇಗೆ ಮುಚ್ಚುತ್ತೇನೆ ಅಂತ ಫೋನ್ ಮಾಡಿ ಕೇಳುವವರಿದ್ದಾರೆ. ಒಮ್ಮೆ ಮನೆಗೆ ಬನ್ನಿ, ಚಹಾ ಕೊಡುತ್ತೇನೆ. ಅದನ್ನು ತೋರಿಸುತ್ತೇನೆ ಅಂತ ಹೇಳಲಿಲ್ಲ.

ಸಿಂಪಿಯ ಕಾಟಕ್ಕೆ ಕಂಡುಕೊಂಡ ಉಪಾಯ ಸರಳ. ಹಳೇ ಪರ್ಸೀನ್ ಬಲೆಯ ತುಂಡನ್ನು ಎರಡು ಮಡಿಕೆ ಮಾಡಿ ಧಕ್ಕೆಗೆ ತಾಗುವ ಕಡೆ ಹೊಲಿದುಬಿಡಿ. ಹರಿದಾಗ ಬದಲಾಯಿಸಿದರೆ ಆಯಿತು. ನೇತುಹಾಕುವುದು ಬೋಟಿಗೇ, ಧಕ್ಕೆಗಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ನೀರು ಹತ್ತಿರ ಹತ್ತಿರ ಎರಡು ಮೀಟರ್ ಏರಿಳಿಯುತ್ತದೆ. ಧಕ್ಕೆಗೆ ಕಟ್ಟಿದರೆ ಇಳಿತದ ಹೊತ್ತಿಗೆ ಫೆಂಡರ್ ಮೇಲೆ, ಬೋಟು ಕೆಳಗೆ.

ಲೇಪದ ಪ್ರಯೋಗಗಳು ಒಂದು ದೊಡ್ಡ ರಾಮಾಯಣ. ಮರದ ದೋಣಿಗೆ ಗೇರು ಸಿಪ್ಪೆಯ ಎಣ್ಣೆ ಹಚ್ಚುತ್ತಾರಲ್ಲ, ಅದನ್ನೇ ಹೊಟ್ಟೆಗೆ ಹಚ್ಚಿದೆ. ನಾರು ಬಾಳಿಕೆ ಬಂತು. ಆದರೆ ಕೈಗವಸು ಹರಿದು ಬೆರಳಿನ ಸಂದಿಯೆಲ್ಲ ಬೊಬ್ಬೆ, ವಾರಗಟ್ಟಲೆ ಊಟಕ್ಕೆ ಚಮಚ. ಅದಕ್ಕಿಂತ ಮುಖ್ಯ, ಎಣ್ಣೆ ಕುಡಿದ ನಾರು ನೀರು ಕುಡಿಯೋದಿಲ್ಲ. ಉಬ್ಬದೆ ಇದ್ದರೆ ನನ್ನ ವಿಧಾನವೇ ಸತ್ತಂತೆ. ತಾರ್ಲೆ ಮೀನಿನ ಎಣ್ಣೆ ಹೊರಮೈಗೆ ಸವರಿದೆ. ರಾತ್ರಿ ಅಂಗಳದಲ್ಲಿ ಒಣಗಲು ಬಿಟ್ಟದ್ದನ್ನು ಕೇರಿಯ ನಾಯಿಗಳು ಎಳೆದುಕೊಂಡು ಹೋದವು. ಈಗ ಏನೂ ಹಚ್ಚೋದಿಲ್ಲ, ನಡುವಿನ ಹಗ್ಗಕ್ಕೆ ಮಾತ್ರ ಒಂದು ಮಿಶ್ರಣ ಹಾಕುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಶಿರಸಿ ಕಡೆ ಭಾವನ ಮನೆ ಇದೆ. ಅಲ್ಲಿ ಅಡಿಕೆ ಸಿಪ್ಪೆ ಗುಡ್ಡೆಗಟ್ಟಲೆ ಬಿದ್ದಿರುತ್ತದೆ. ಚೀಲ ತುಂಬಿ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ಭಾವ ಈಗಲೂ ಆಡಿಕೊಳ್ಳುತ್ತಾರೆ. "ಎಂತ, ಈ ಸಲ ಚೀಲ ತಂದಿಲ್ವಾ?" ಅಡಿಕೆ ನಾರು ಮೋಟು, ಒತ್ತಿದರೆ ಪುಡಿಯಾಗಿ ಹೆಣಿಗೆಯ ಸಂದಿಯಿಂದ ಉದುರುತ್ತದೆ. ಆಗಲಿಲ್ಲ. ಅಲ್ಲಿಂದಲೇ ತಂದ ಬೈನೆ ಮರದ ಕರಿ ನಾರು ಮಾತ್ರ ಬೇರೆಯೇ ಮಾಲು. ಉದ್ದ, ಬಿರುಸು, ನೀರಿಗೆ ಜಗ್ಗೋದಿಲ್ಲ. ಕತ್ತದ ನಡುವೆ ಒಂದು ಪದರ ಹಾಕಿ ಒಂದೇ ಒಂದು ಫೆಂಡರ್ ಮಾಡಿದ್ದೇನೆ. ತದಡಿಯ ಒಂದು ಬೋಟಿನಲ್ಲಿದೆ. ಸದ್ಯಕ್ಕೆ ಭಲೇ ಅನ್ನುವ ಹಾಗಿದೆ. ನಾರು ಸುಲಭವಾಗಿ ಸಿಗೋದಿಲ್ಲ, ಅದೇ ತೊಂದರೆ.

ಇಲಿಯ ಬಗ್ಗೆ ಎಚ್ಚರ. ಅಟ್ಟದಲ್ಲಿ ಇಟ್ಟ ಹೊಟ್ಟೆಯೊಳಗೆ ಮರಿ ಹಾಕಿದ್ದವು. ಈಗ ಪಾಲಿಥಿನ್ ಮೇಲೆ ತಗಡಿನ ಡಬ್ಬಿ.

ದುಡ್ಡಿನ ಮಾತು ಕೇಳದೆ ಯಾರೂ ಬಿಡೋದಿಲ್ಲ. ನಾರು, ನಡುವಿನ ಹಗ್ಗ, ಹುರಿ ಎಲ್ಲ ಸೇರಿ ಒಂದಕ್ಕೆ ಐನೂರು ಚಿಲ್ಲರೆ. ಹೊರಮೈಯ ಹಗ್ಗಕ್ಕೆ ಖಲಾಸಿಗಳಿಗೆ ಚಹಾ, ಭಜಿ. ಒಂದೂವರೆ ದಿನದ ಕೂಲಿ ನನ್ನದು. ಸಾವಿರದ ಎಂಟುನೂರಕ್ಕೆ ಕೊಡುತ್ತೇನೆ. ಮೊದಲು ಸಾವಿರಕ್ಕೆ ಕೊಡುತ್ತಿದ್ದೆ, ಆಗ ಚೌಕಾಸಿ ಜಾಸ್ತಿ ಇತ್ತು. ದರ ಏರಿಸಿದ ಮೇಲೆ ಚೌಕಾಸಿ ಕಮ್ಮಿ ಆಯಿತು, ಯಾಕೋ ಗೊತ್ತಿಲ್ಲ. ಅರ್ಧ ಹಣ ಮುಂಗಡ ಇಲ್ಲದೆ ಈಗ ಕೆಲಸ ಮುಟ್ಟೋದಿಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಬೋಟಿನವರೊಬ್ಬರು ಆರು ಫೆಂಡರ್ ಒಯ್ದು ಆಮೇಲೆ ಫೋನ್ ಎತ್ತಲಿಲ್ಲ.

ತಮಾಷೆ ಅಂದರೆ, ನಿಜವಾದ ಲಾಭ ಬೋಟಿನಿಂದ ಬರುತ್ತಿಲ್ಲ. ಉಳಿದ ಎಳೆಗಳಲ್ಲಿ ಸುಮ್ನೆ ಕೈ ಚಪಲಕ್ಕೆ ತೆಂಗಿನಕಾಯಿ ಗಾತ್ರದ್ದು ಕೆಲವು ಮಾಡಿದ್ದೆ. ಗೋಕರ್ಣದ ಅಂಗಡಿಯವರೊಬ್ಬರು ಬಾಗಿಲಿಗೆ ಅಡ್ಡ ಇಡಲು ಅಂತ ಒಯ್ದರು. ನಾನೂರಕ್ಕೆ ಕೊಟ್ಟದ್ದನ್ನು ಅವರು ಸಾವಿರದ ಮೇಲೆ ಮಾರುತ್ತಾರೆ ಅಂತ ಕೇಳಿದೆ. ಅದಕ್ಕೆ ಒಣಗಿಸೋದೂ ಬೇಡ, ಜ್ಯಾಕೂ ಬೇಡ. ತಾಂಡೇಲರಿಗೆ ಇದನ್ನು ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ.

ಈ ಮಳೆಗಾಲಕ್ಕೆ ಬೋಟಿನ ಮೂತಿಗೆ ಕಟ್ಟುವ ದೊಡ್ಡದೊಂದಕ್ಕೆ ಕೈ ಹಾಕಿದ್ದೇನೆ. ನಡು ದಪ್ಪ, ಎರಡೂ ತುದಿ ಸಪೂರ, ಐದು ಅಡಿ ಉದ್ದ. ಬಾಗಿದ ಆಕಾರಕ್ಕೆ ಒಣ ನಾರನ್ನು ಒತ್ತುವುದು ಹೇಗೆ ಅನ್ನೋದೇ ತಲೆನೋವು. ನೇರವಾಗಿ ಕಟ್ಟಿ ಆಮೇಲೆ ಬಗ್ಗಿಸಿದರೆ ಒಳಬದಿಯ ಹೆಣಿಗೆ ಸುಕ್ಕಾಗುತ್ತದೆ. ಮೊದಲೇ ಬಗ್ಗಿಸಿ ಕಟ್ಟಲು ಮರದ ಅಚ್ಚು ಬೇಕು. ಬಡಗಿಯವರು ಮೂರು ಸಾವಿರ ಹೇಳಿದ್ದಾರೆ, ಎರಡಕ್ಕೆ ಇಳಿಸುತ್ತಿದ್ದೇನೆ. ಹೊಟ್ಟೆಗೆ ಬೇಕಾದ ನಾರು ಮಾತ್ರ ಮೇ ತಿಂಗಳಲ್ಲೇ ಒಣಗಿಸಿ ಡಬ್ಬಿಗೆ ಹಾಕಿ ಇಟ್ಟಿದ್ದೇನೆ.