ತೂಕ ನೋಡಿ ತಾಯಿಮೀನು ಆರಿಸುವುದನ್ನು ಬಿಟ್ಟೆ

ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟದ ಕೆರೆಯಲ್ಲಿ ಗೆಂಡೆ ಮೀನು (ಕಾಮನ್ ಕಾರ್ಪ್) ಸಾಕುತ್ತೇವೆ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ಕೆರೆ ಇಳಿಯುತ್ತದೆ, ಬಲೆ ಹಾಕುವುದು ಆಗಲೇ. ಒಂದು ವರ್ಷ ಪಕ್ಕದ ಮನೆ ಅಕ್ಕ ಮೀನು ಕೊಯ್ಯುತ್ತಾ ನನ್ನನ್ನು ಕರೆದರು. "ನೋಡು ಮಾರಾಯ, ಹೊಟ್ಟೆ ತುಂಬಾ ಮೊಟ್ಟೆ. ಸಾರಿಗೆ ಏನು ಹಾಕಲಿ?" ತೂಗಿದೆ. 900 ಗ್ರಾಂ ಮೀನಿನಲ್ಲಿ ಮೊಟ್ಟೆಯೇ 170 ಗ್ರಾಂ.

1957ರಲ್ಲಿ ಬ್ಯಾಂಕಾಕಿನಿಂದ ನಮ್ಮ ದೇಶಕ್ಕೆ ಬಂದ ಗೆಂಡೆ ತಳಿ ಆರು ತಿಂಗಳಿಗೇ ಬಲಿತುಬಿಡುತ್ತದೆ. ತಿಂದದ್ದೆಲ್ಲ ಮೊಟ್ಟೆಗೆ ಹೋದರೆ ಬೆನ್ನಿಗೆ ಮಾಂಸ ಎಲ್ಲಿಂದ ಬರಬೇಕು? ನಾನು ಬೇರೆ ಪ್ರತಿ ಸಲ ತಕ್ಕಡಿಯಲ್ಲಿ ಭಾರ ಬಂದ ಹೆಣ್ಣನ್ನೇ ಮರಿಗೆ ಇಡುತ್ತಿದ್ದೆ. ಬೇಗ ಮೊಟ್ಟೆ ಕಟ್ಟುವ ಗುಣವನ್ನೇ ಹುಡುಕಿ ಹುಡುಕಿ ಬೆಳೆಸಿದ ಹಾಗಾಯ್ತು.

ಮಾಂಸ ಎಷ್ಟಿದೆ ಅಂತ ತಿಳಿಯಲು ಮೀನು ಕೊಯ್ಯಲೇಬೇಕು. ಕೊಯ್ದ ಮೇಲೆ ಅದರಿಂದ ಮರಿ ಇಲ್ಲ. ಅದಕ್ಕೇ ಒಡಹುಟ್ಟುಗಳ ದಾರಿ ಹಿಡಿದೆ. ಒಂದೇ ತಂದೆ ತಾಯಿಯ ಮರಿಗಳಲ್ಲಿ ಕೆಲವನ್ನು ಕೊಯ್ದು ತೂಗುವುದು, ಮಾಂಸ ಚೆನ್ನಾಗಿದ್ದರೆ ಉಳಿದವನ್ನು ತಾಯಿಮೀನಾಗಿ ಇಡುವುದು.

ನಾಲ್ಕು ಜೋಡಿಯನ್ನು ನಾಲ್ಕು ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಯಲ್ಲಿ ಬಿಟ್ಟೆ, ಒಳಗೆ ನೀರಿನ ಕಳೆ. ಗೆಂಡೆಯ ಮೊಟ್ಟೆಗೆ ಅಂಟು ಜಾಸ್ತಿ, ಕಳೆಗೇ ಅಂಟಿಕೊಳ್ಳುತ್ತದೆ. ಮರಿ ಬೆರಳುದ್ದ ಆದ ಮೇಲೆ ಎಲ್ಲವನ್ನೂ ಒಂದೇ ಕೆರೆಗೆ ಬಿಡಬೇಕು. ಬೇರೆ ಬೇರೆ ಹೊಂಡದಲ್ಲಿ ಬೆಳೆಸಿದರೆ, ಹೊಂಡದ ಗುಣವೋ ಮೀನಿನ ಗುಣವೋ ಗೊತ್ತಾಗುವುದಿಲ್ಲ. ಗುರುತಿಗೆ ಹೊಟ್ಟೆಯ ಕೆಳಗಿನ ರೆಕ್ಕೆ ಕತ್ತರಿಸಿದೆ: ಒಂದು ಮನೆತನಕ್ಕೆ ಎಡ, ಒಂದಕ್ಕೆ ಬಲ, ಒಂದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಮೊದಲ ವರ್ಷ ಸುಮ್ನೆ ತುದಿ ಮಾತ್ರ ಕತ್ತರಿಸಿದ್ದೆ. ರೆಕ್ಕೆ ಮತ್ತೆ ಬೆಳೆದು ಎಲ್ಲ ಕಲಸಿಹೋಯಿತು, ಇಡೀ ವರ್ಷ ಹಾಳು. ಬುಡದವರೆಗೆ ಕತ್ತರಿಸಬೇಕು.

ಮರುವರ್ಷ ಒಂದೊಂದು ಮನೆತನದಿಂದ ಹತ್ತು ಮೀನು ಕೊಯ್ದೆವು. ತಲೆ, ಪೊರೆ, ಕರುಳು, ಮೊಟ್ಟೆ ತೆಗೆದು ಉಳಿದದ್ದನ್ನು ತೂಗಿದೆವು. ಹೆಣ್ಣನ್ನು ಹೆಣ್ಣಿನ ಜೊತೆ, ಗಂಡನ್ನು ಗಂಡಿನ ಜೊತೆಯೇ ಹೋಲಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಇಡೀ ಮೀನಿನ ತೂಕದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಎಡರೆಕ್ಕೆಯ ಮನೆತನ ಮಾಂಸದಲ್ಲಿ ಮೊದಲು ಬಂತು!

ಅದರ ಹೆಣ್ಣುಗಳನ್ನು ಉಳಿಸಿಕೊಂಡೆ. ಅಣ್ಣ ತಂಗಿಯರನ್ನು ಕೂಡಿಸಿದರೆ ತಳಿ ಸೊರಗುತ್ತದೆ, ಹಾಗಾಗಿ ಗಂಡು ಹೊರಗಿನಿಂದ ತಂದೆ. ಹಂಗೇರಿಯಿಂದ ಬಂದು ಹೆಸರಘಟ್ಟದಲ್ಲಿ ಬೆಳೆಸಿ ನೋಡಿದ ಅಮುರ್ ಗೆಂಡೆ ಅದು, ತಡವಾಗಿ ಬಲಿಯುತ್ತದೆ. ಅವುಗಳ ಮರಿ ಈಗ ಕೆರೆಯಲ್ಲಿವೆ. ಬರುವ ಫೆಬ್ರವರಿಗೆ ಅಕ್ಕ ಕತ್ತಿ ಹಿಡಿಯುತ್ತಾರೆ, ನಾನು ತಕ್ಕಡಿ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ ಸಾರು ಅವರ ಮನೆಯಲ್ಲೇ.