ಹನ್ನೆರಡು ಸೆಂಟಿಮೀಟರಿಗೆ ಒಂದು ಕಿಲೋ

ನಮ್ಮ ಅಡಿಕೆ ತೋಟದಲ್ಲಿ ಮೂರು ಮಳೆಗಾಲದಿಂದ ಕೊಳೆರೋಗ, ಅಂದರೆ ಮಳೆಗೆ ಕಾಯಿ ಕೊಳೆತು ಉದುರುವ ರೋಗ, ಹತೋಟಿಯಲ್ಲಿದೆ. ಮದ್ದು ಅದೇ, ಶೇಕಡಾ 1ರ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಒಂದೊಂದು ಕಿಲೋ. ಬದಲಾದದ್ದು ಅಳತೆ.

ತೋಟದ ತಲೆಯಲ್ಲಿರುವ ಸಿಮೆಂಟ್ ತೊಟ್ಟಿ ಅಪ್ಪಯ್ಯ ಕಟ್ಟಿಸಿದ್ದು. ಉದ್ದಗಲ ಮೂರು ಮೂರು ಅಡಿ, ಆಳ ಎರಡಡಿ. ‘ನಾನೂರು ಲೀಟರ್ ತೊಟ್ಟಿ’ ಎಂದೇ ಮನೆಯಲ್ಲಿ ಅದರ ಹೆಸರು. ನಾಲ್ಕು ಕಿಲೋ ಮೈಲುತುತ್ತ, ನಾಲ್ಕು ಕಿಲೋ ಸುಣ್ಣ, ತೊಟ್ಟಿ ತುಂಬ ನೀರು. ಐದಾರು ವರ್ಷದ ಹಿಂದೆ ಆಷಾಢದ ಮಳೆ ಎಡೆಬಿಡದೆ ಸುರಿದಾಗ ಕಾಯಿ ಉದುರಿ ಎರಡು ಕ್ವಿಂಟಾಲಿನಷ್ಟು ಅಡಿಕೆ ಹೋಯಿತು. ಆಗಿನ ದರದಲ್ಲಿ ಎಂಬತ್ತು ಸಾವಿರದ ಆಸುಪಾಸು. ಮೈಲುತುತ್ತ ಕಲಬೆರಕೆ ಇರಬೇಕೆಂದು ಮರುವರ್ಷ ದುಬಾರಿಯದನ್ನು ತಂದೆ. ಆಗಲೂ ಕೊಳೆ ಬಿಡಲಿಲ್ಲ.

ಕೊನೆಗೆ ತೊಟ್ಟಿಯೊಳಗೇ ಇಳಿದು ಟೇಪು ಹಿಡಿದೆ. 91, 91, 61 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 505 ಲೀಟರ್! ಇಷ್ಟು ವರ್ಷ ಶೇಕಡಾ 1 ಎಂದು ನಂಬಿ ಹೊಡೆದದ್ದು 0.8ರ ಮದ್ದು.

91ನ್ನು 91ರಿಂದ ಗುಣಿಸಿದರೆ 8,281. ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ ಎಂಟು ಲೀಟರಿಗೆ ತುಸು ಮೇಲೆ; ಹನ್ನೆರಡು ಸೆಂಟಿಮೀಟರ್ ಏರಿದರೆ ಸರಿಸುಮಾರು ನೂರು ಲೀಟರ್. ಅಡಿಕೆ ದಬ್ಬೆಯ ಒಂದು ಸೀಳಿಗೆ ಹನ್ನೆರಡು ಸೆಂಟಿಮೀಟರಿಗೊಂದರಂತೆ ಕೆಂಪು ಗೆರೆ ಎಳೆದೆ. ಒಂದು ಗೆರೆಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ.

“ಭಟ್ಟರೇ, ಕೋಲು ನೋಡಿ ಕೊಳೆ ನಿಲ್ಲುತ್ತದೆಯೇ?” ಎಂದ ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ. ಪಕ್ಕದ ಮನೆಯ ಮಾವನೂ ತಲೆಯಾಡಿಸಿದರು. ಮೊದಲ ವರ್ಷ ಕೋಲಿನ ಅಳತೆ ತಪ್ಪಿದ್ದೂ ಹೌದು. ತೊಟ್ಟಿಯ ತಳ ನೀರು ಹೋಗುವ ತೂತಿನ ಕಡೆಗೆ ಇಳಿಜಾರು. ನಾನು ಕೋಲು ಇಟ್ಟದ್ದು ಅಲ್ಲೇ. ಮೂರು ಸೆಂಟಿಮೀಟರ್ ವ್ಯತ್ಯಾಸವೆಂದರೆ ಇಪ್ಪತ್ತೈದು ಲೀಟರ್. ಈಗ ತೊಟ್ಟಿಯ ನಟ್ಟನಡುವೆ ಇಡುತ್ತೇನೆ. ಒದ್ದೆ ಸುಣ್ಣ ತೂಗುವುದನ್ನೂ ಬಿಟ್ಟೆ, ಅದರಲ್ಲಿ ನೀರಿನ ಭಾರವೇ ಹೆಚ್ಚು. ಬೆರೆಸುವ ಕ್ರಮ, ಚಾಕು ಅದ್ದಿ ತಾಮ್ರದ ಲೇಪ ಹತ್ತುತ್ತದೆಯೇ ಎಂದು ನೋಡುವುದು ಎಲ್ಲ ಹಳೆಯದೇ. 

ತೋಟಕ್ಕೆ ಒಂದು ಸುತ್ತು ಹೊಡೆಯಲು ಆರು ತೊಟ್ಟಿ ಮದ್ದು ಬೇಕು. ಹೆಚ್ಚುವರಿ ಖರ್ಚು ಎರಡು ಸಾವಿರ ಆಗಿರಬಹುದು. ಎಂಬತ್ತು ಸಾವಿರದ ಮುಂದೆ ಅದೆಷ್ಟರದು!

ಲೆಕ್ಕದ ರುಚಿ ಹತ್ತಿದ ಮೇಲೆ ಗದ್ದೆಗೂ ಇಳಿದೆ. ಹೆಕ್ಟೇರು ಹತ್ತು ಸಾವಿರ ಚದರ ಮೀಟರ್, ನಮ್ಮ ಗುಂಟೆ 101. ಆದ್ದರಿಂದ ಗೊಬ್ಬರ ಹೆಕ್ಟೇರಿಗೆ ಎಷ್ಟು ಕಿಲೋ ಎಂದಿದೆಯೋ ಅದರ ಮುಂದೆ ಒಂದು ಸೊನ್ನೆ ಬರೆದರೆ ಗುಂಟೆಗೆ ಅಷ್ಟು ಗ್ರಾಂ. ಜಿಂಕ್ ಸಲ್ಫೇಟ್ ಹೆಕ್ಟೇರಿಗೆ 20 ಕಿಲೋ ಎಂದರೆ ಗುಂಟೆಗೆ 200 ಗ್ರಾಂ. ಎಕರೆಗೆ ತಂದು ಎರಡೂವರೆಯಿಂದ ಭಾಗಿಸುವ ಗೋಜೇ ಇಲ್ಲ. ನೇರ ಗೋಡೆಯ ಡಬ್ಬವೊಂದನ್ನು ಅಂಗಳದಲ್ಲಿಟ್ಟು ಮಳೆಯನ್ನೂ ಅಳೆದೆ: ಒಂದು ಮಿಲಿಮೀಟರ್ ಮಳೆಯೆಂದರೆ ಗುಂಟೆಗೆ ನೂರು ಲೀಟರ್ ನೀರು.

ಈ ಮೇ ತಿಂಗಳಲ್ಲಿ ಮಾವ ತಾವಾಗಿ ಬಂದು ಕೋಲು ಕೇಳಿದರು. ಅವರದು ದುಂಡು ಡ್ರಮ್ಮು, ಒಳಗಿನ ಅಡ್ಡಳತೆ 57 ಸೆಂಟಿಮೀಟರ್. ನನ್ನ ಕೋಲು ಅದಕ್ಕೆ ಆಗದು. 39 ಸೆಂಟಿಮೀಟರಿಗೆ ಒಂದು ಗೆರೆಯ ಹೊಸ ಕೋಲು ಮಾಡಿಕೊಟ್ಟೆ.